ಗಾಡಿ ನಿಂತ್ ಹೋಯ್ತಂಬ್ರ್

ಹಂಗಾರಕಟ್ಟೆಯಲ್ಲಿ ಬಾರ್ಜಿಗೆ ಕಾಯುವ ಹೊತ್ತೆಂದರೆ ಪಟ್ಟಾಂಗದ ಹೊತ್ತು. ಸೀತಾ, ಸ್ವರ್ಣಾ ನದಿಗಳು ಕೂಡಿ ಕಡಲು ಸೇರುವ ಅಳಿವೆ ಇದು. ಆಚೆ ದಡದ ಕೋಡಿಬೆಂಗ್ರೆ ಕೂಗಿದರೆ ಕೇಳುವಷ್ಟು ಹತ್ತಿರ ಕಾಣುತ್ತದೆ. ಆದರೆ ರಸ್ತೆಯಲ್ಲೇ ಹೋಗುತ್ತೇವೆ ಎಂದರೆ ಮಾಬುಕಳ ಸೇತುವೆ ದಾಟಿ, ಬ್ರಹ್ಮಾವರ ಹಾದು, ಕೆಮ್ಮಣ್ಣು, ಹೂಡೆ ಎಂದು ಊರೆಲ್ಲ ಸುತ್ತಬೇಕು. ಆದ್ದರಿಂದ ಬೈಕುಗಳೂ ಬಾರ್ಜ್ ಹತ್ತುತ್ತವೆ. ಮೀನಿನ ಬುಟ್ಟಿ ಕಟ್ಟಿದ ಮೊಪೆಡ್, ಶಾಲೆಗೆ ಹೋಗುವ ಟೀಚರಮ್ಮನ ಸ್ಕೂಟರ್ ಇವುಗಳ ನಡುವೆ, ಎರಡು ಬದಿಗೂ ಪೆಟ್ಟಿಗೆ ಬಿಗಿದ, ಕೇರಳದ್ದೋ ಮಹಾರಾಷ್ಟ್ರದ್ದೋ ನಂಬರಿನ ದೊಡ್ಡ ಗಾಡಿಯೊಂದು ಬಂದು ನಿಂತರೆ ಸುತ್ತ ನಾಲ್ಕು ಜನ ಸೇರಿಯೇ ಸೇರುತ್ತಾರೆ. ಮೊದಲ ಪ್ರಶ್ನೆ ಮೈಲೇಜಿನದು. ಎರಡನೆಯದು ರೇಟಿನದು. ಮೂರನೆಯದು ಪ್ರಶ್ನೆಯ ವೇಷ ಹಾಕಿಕೊಂಡು ಬಂದ ಸುದ್ದಿ: "ಈ ಗಾಡಿ ನಿಂತ್ ಹೋಯ್ತಂಬ್ರ್, ಹೌದಾ ಮರಾಯ್ರೆ?"

ಕುಂದಾಪ್ರ ಕನ್ನಡದ ಈ 'ಅಂಬ್ರ್', ಅಂದರೆ 'ಅಂತೆ', ಬಲು ಜಾಣ. ಹೇಳಿದವರು ಹೊಣೆ ಹೊರಬೇಕಿಲ್ಲ, ಕೇಳಿದವರು ನಂಬಬೇಕೆಂದಿಲ್ಲ, ಸುದ್ದಿ ಮಾತ್ರ ಅಷ್ಟರಲ್ಲಿ ಆಚೆ ದಡ ಮುಟ್ಟಿರುತ್ತದೆ. ಆದರೆ ಎರಡು ಮೂರು ಲಕ್ಷ ಸುರಿದು, ಅದೂ ಬ್ಯಾಂಕಿನ ಸಾಲದಲ್ಲಿ, ಗಾಡಿ ತೆಗೆದುಕೊಂಡವರ ನಿದ್ದೆ ಕೆಡಿಸಲು ಈ ಒಂದು ಪದ ಸಾಕು. ನಾಳೆ ಸಾಮಾನು ಸಿಗುತ್ತದೋ ಇಲ್ಲವೋ, ಮಾರಲು ಹೊರಟರೆ ಯಾರಾದರೂ ಕೇಳುತ್ತಾರೋ ಇಲ್ಲವೋ. ಇನ್ನೂ ಕೊಳ್ಳದವರ ಗೊಂದಲ ಬೇರೆ: ಈಗಲೇ ತೆಗೆಯುವುದೋ, ಹೊಸದು ಬರಲಿ ಎಂದು ಕಾಯುವುದೋ.

ಟೂರಿಂಗ್ ಬೈಕಿಗೆ ಕರಾವಳಿಯವರು ಹೊಸ ಪದ ಹುಡುಕುವ ಕಷ್ಟವಿಲ್ಲ. ಯಕ್ಷಗಾನದವರ ಬಾಯಲ್ಲಿ ಅದು ಮೊದಲೇ ಇದೆ, ತಿರುಗಾಟ. ಮಳೆ ಮುಗಿದ ಮೇಲೆ ಗೆಜ್ಜೆ ಕಟ್ಟಿ ಹೊರಟ ಮೇಳ ಮೇ ತಿಂಗಳ ಹೊತ್ತಿಗೆ ಗೆಜ್ಜೆ ಬಿಚ್ಚುವ ತನಕ ದಿನಕ್ಕೊಂದು ಊರು. ಹಂಗಾರಕಟ್ಟೆಯಲ್ಲೇ ಯಕ್ಷಗಾನ ಕಲಾಕೇಂದ್ರವಿದೆ, ಹೆಜ್ಜೆ ಕಲಿಯಲು ಹುಡುಗರು ದೂರದೂರದಿಂದ ಬಂದಿದ್ದಾರೆ. ಹಿಂದಿನ ಕಲಾವಿದರು ಮೇಳದ ಪೆಟ್ಟಿಗೆಗಳ ಜೊತೆಗೆ ಊರಿಂದೂರಿಗೆ ನಡೆಯುತ್ತಿದ್ದರು. ಈಗಿನವರಲ್ಲಿ ಅನೇಕರು ಆಟ ಮುಗಿಸಿ, ಮುಖದ ಬಣ್ಣ ತೆಗೆದು, ಬೈಕಿಗೆ ಕೀ ಹಾಕಿ ಮನೆ ಸೇರುತ್ತಾರೆ. ನಡುರಾತ್ರಿಯ ಹೊತ್ತು, ಹೊಸಂಗಡಿಯ ಕಡೆಯ ಕಾಡುದಾರಿ, ದಾರಿಯಲ್ಲಿ ಒಂದು ಅಂಗಡಿಯ ದೀಪವೂ ಇಲ್ಲ. ಲಡಾಖಿಗೆ ಹೋಗುವವರು ಮಾತ್ರ ದೂರದ ಸವಾರರು ಎಂದು ತಿಳಿಯಬಾರದು. ಒಳ್ಳೆಯ ಹೆಡ್‌ಲೈಟು, ಬೆನ್ನು ನೋಯಿಸದ ಸೀಟು, ತುಂಬಿಸಿದರೆ ವಾರ ಬರುವ ಟ್ಯಾಂಕು, ಎರಡು ಗಂಟೆ ರಾತ್ರಿಯಲ್ಲಿ ಕೈಕೊಡದ ಇಂಜಿನ್ನು. ತಿರುಗಾಟದ ಗಾಡಿ ಎಂದರೆ ಇಷ್ಟೇ.

ಕಂಪನಿಗಳ ಲೆಕ್ಕದಲ್ಲಿ ಈ ಗಾಡಿ ಬಣ್ಣದ ವೇಷದ ಹಾಗೆ. ರಂಗಕ್ಕೆ ಬಂದಾಗ ಎಲ್ಲರ ಕಣ್ಣೂ ಅದರ ಮೇಲೆಯೇ. ಆದರೆ ಮುಖವರ್ಣಿಕೆಗೆ ಗಂಟೆಗಟ್ಟಲೆ ಬೇಕು, ರಂಗದ ಮೇಲಿರುವುದು ಸ್ವಲ್ಪ ಹೊತ್ತು. ಅಂಗಡಿ ನಡೆಸುವುದು ದಿನದ ಓಡಾಟದ ನೂರು ಸಿಸಿ ಬೈಕುಗಳು ಮತ್ತು ಸ್ಕೂಟರುಗಳು. ತಿರುಗಾಟದ ಗಾಡಿ ಶೋರೂಮಿನ ಗಾಜಿನ ಬಾಗಿಲಿಗೆ ಜನ ತರುತ್ತದೆ, ಜನ ಒಳಗೆ ಹೋಗಿ ಸ್ಕೂಟರ್ ಬುಕ್ ಮಾಡುತ್ತಾರೆ. ಹೀಗಿರುವಾಗ ಒಂದು ಮಾಡೆಲ್ ಉಳಿಯಬೇಕೋ ಬೇಡವೋ ಎಂಬ ಮಾತು ಬಂದಾಗ ಮೊದಲು ಕೈ ಬೀಳುವುದು ಇದರ ಮೇಲೆಯೇ. ಜನರಿಗೆ ಅದರ ಮೇಲೆ ಪ್ರೀತಿ ಇಲ್ಲದ್ದರಿಂದಲ್ಲ. ಪ್ರೀತಿಯಿಂದ ಗಾಡಿ ಉಳಿಯುವುದಾಗಿದ್ದರೆ ಮೈಸೂರಿನ ಯೆಜ್ಡಿ ಎಂದೂ ನಿಲ್ಲುತ್ತಿರಲಿಲ್ಲ.

ಆ ಕಥೆ ಕನ್ನಡಿಗರದೇ. 1950ರ ದಶಕದಲ್ಲಿ ಸರ್ಕಾರ ವಿದೇಶಿ ಮೋಟಾರ್ ಸೈಕಲುಗಳ ಆಮದಿಗೆ ಕಡಿವಾಣ ಹಾಕಿತು. ಝೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತರಿಸಿ ಮಾರುತ್ತಿದ್ದ ಮುಂಬಯಿಯ ಇರಾನಿ ಮನೆತನದವರಿಗೆ, ಮಾರಬೇಕಾದರೆ ಇಲ್ಲೇ ತಯಾರಿಸಬೇಕು ಎಂಬ ಸ್ಥಿತಿ ಬಂತು. ರುಸ್ತುಂ ಇರಾನಿ, ಫಾರೂಖ್ ಇರಾನಿ ಮುಂತಾದವರು ಕಟ್ಟಿದ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಬೇರೂರಿತು. ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್, ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಮೂಲ ಕಂಪನಿಯ ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮೊದಲ ಅಕ್ಷರಗಳೂ, ಅವರು ಯಾರ ವಿನ್ಯಾಸ ಕೊಂಡಿದ್ದರೋ ಆ ಜರ್ಮನ್ ಕಂಪನಿ ವಾಂಡರರ್‌ನ ಮೊದಲ ಅಕ್ಷರಗಳೂ ಕೂಡಿ ಆದ ಹೆಸರದು. 1970ರ ದಶಕದಲ್ಲಿ ಝೆಕ್ ಕಂಪನಿಯ ಹೆಸರು ಬಳಸುವ ಒಪ್ಪಂದ ಮುಗಿದಾಗ ಮೈಸೂರಿನವರು ತಮ್ಮದೇ ಹೆಸರಿಟ್ಟುಕೊಂಡರು, ಯೆಜ್ಡಿ. ಇರಾನಿನ ಯಜ್ದ್ ಪಟ್ಟಣ ಆ ಮನೆತನದ ಬೇರಿರುವ ಊರು.

1978ರಲ್ಲಿ ಬಂದದ್ದು ರೋಡ್‌ಕಿಂಗ್. ಹೆಸರೇ ಹೇಳುವಂತೆ ರಸ್ತೆಗೆಂದೇ ಹುಟ್ಟಿದ್ದು. ಸುಮಾರು 250 ಸಿಸಿಯ ಟೂ ಸ್ಟ್ರೋಕ್ ಇಂಜಿನ್, ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಹದಿನಾರರ ಆಸುಪಾಸಿನ ಅಶ್ವಶಕ್ತಿ. ಅಂದಿನ ಕಾಲಕ್ಕೆ ಅದು ಸಾಮಾನ್ಯವೇನಲ್ಲ. ಜಾವಾ, ಯೆಜ್ಡಿಗಳ ಒಂದು ಚಮತ್ಕಾರವನ್ನು ಹಳಬರು ಇಂದಿಗೂ ಹೇಳಿ ಖುಷಿಪಡುತ್ತಾರೆ. ಎಡಗಾಲ ಬಳಿಯ ಒಂದೇ ಸರಳು ಮೊದಲು ಕಿಕ್ಕರ್, ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಿರುಗಿಸಿದರೆ ಗೇರ್. ಗೇರ್ ಒತ್ತುವಾಗ ಕ್ಲಚ್ಚೂ ತಾನಾಗಿಯೇ ಬಿಡಿಸಿಕೊಳ್ಳುತ್ತಿತ್ತು. ಬೇರೆ ಬೈಕು ಓಡಿಸಿ ಬಂದ ಮಿತ್ರರಿಗೆ ಗಾಡಿ ಕೊಟ್ಟು, ಅವರು ಬಲಬದಿಯಲ್ಲಿ ಕಿಕ್ಕರ್ ಹುಡುಕಿ ಪರದಾಡುವುದನ್ನು ನೋಡುವುದೇ ಒಂದು ಮನರಂಜನೆ. ಆಗುಂಬೆಯ ತಿರುವುಗಳಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಕಮಕ್ ಕಿಮಕ್ ಎನ್ನದೆ ಏರುವ ಬಲ ಅದಕ್ಕಿತ್ತು.

ಹಾಗಿದ್ದರೆ ನಿಂತದ್ದೇಕೆ? ಇಲ್ಲಿ ಸ್ವಲ್ಪ ಇಂಜಿನ್ ಬಿಚ್ಚಿ ನೋಡಬೇಕು. ಟೂ ಸ್ಟ್ರೋಕಿನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವ ಕಿಂಡಿಯೂ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಉರಿಯದ ಪೆಟ್ರೋಲು ಹೊಗೆಯ ಜೊತೆ ಹಾಗೆಯೇ ಹೊರಗೆ ಹೋಗುತ್ತದೆ. ಇಂಜಿನ್ನಿಗೆ ಜಾರುವ ಎಣ್ಣೆ ಬೇಕಲ್ಲ, ಅದನ್ನೂ ಪೆಟ್ರೋಲಿಗೇ ಬೆರೆಸಿ ಹಾಕುವುದು. ಅದೂ ಸುಟ್ಟು ನೀಲಿ ಹೊಗೆ. ಎಂಬತ್ತರ ದಶಕದ ನಡುವಿನಲ್ಲಿ ಜಪಾನಿ ತಂತ್ರಜ್ಞಾನದ ನೂರು ಸಿಸಿ ಗಾಡಿಗಳು ಬಂದವು: 1984ರಲ್ಲಿ ಇಂಡ್‌ಸುಝುಕಿ, 1985ರಲ್ಲಿ ಯಮಹಾ ಆರ್‌ಎಕ್ಸ್ 100, ಅದೇ ವರ್ಷ ಹೀರೋ ಹೋಂಡಾ ಸಿಡಿ 100. ಕೊನೆಯದು ಫೋರ್ ಸ್ಟ್ರೋಕ್, ಲೀಟರಿಗೆ 80 ಕಿಲೋಮೀಟರ್ ಎಂಬ ಜಾಹೀರಾತು. ಯೆಜ್ಡಿ ಅದರ ಅರ್ಧವನ್ನೂ ಕೊಡುತ್ತಿರಲಿಲ್ಲ. ಪೆಟ್ರೋಲಿನ ಬೆಲೆ ಏರಿದಂತೆಲ್ಲ ಮನೆಯ ಯಜಮಾನರಿಗೆ ರೋಡ್‌ಕಿಂಗ್ ರಾಜನಾಗಿ ಕಾಣದೆ ಖರ್ಚಿನ ಮಗನಾಗಿ ಕಾಣತೊಡಗಿತು. ಅದರ ಮೇಲೆ 1991ರಲ್ಲಿ ಶುರುವಾಗಿ 1996ರಲ್ಲಿ ಬಿಗಿಯಾದ ಹೊಗೆ ನಿಯಮ. ಕಾರ್ಖಾನೆಯ ಒಳಗಿನ ಕಾರ್ಮಿಕ ತಕರಾರು, ಹಣದ ಮುಗ್ಗಟ್ಟು ಬೇರೆ. 1996ರಲ್ಲಿ ಮೈಸೂರಿನ ಕಾರ್ಖಾನೆ ಗೆಜ್ಜೆ ಬಿಚ್ಚಿತು.

ಆದರೆ ಗಾಡಿಗಳು ನಿಲ್ಲಲಿಲ್ಲ. ತಯಾರಿ ನಿಲ್ಲುವುದು ಒಂದು, ಗಾಡಿ ನಿಲ್ಲುವುದು ಇನ್ನೊಂದು ಎಂಬುದನ್ನು ಮೈಸೂರು, ಬೆಂಗಳೂರಿನ ಗ್ಯಾರೇಜುಗಳು ತೋರಿಸಿಕೊಟ್ಟವು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಲೇತ್ ಮೆಷಿನ್ನಿನಲ್ಲಿ ಒಂದೊಂದೇ ಸಾಮಾನು ಕಡೆದುಕೊಡುವ ಮೇಸ್ತ್ರಿಗಳು, ಗುಜರಿಗೆ ಬಂದ ಎರಡು ಗಾಡಿ ಸೇರಿಸಿ ಒಂದು ಮಾಡುವ ಜಾಣರು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿ ದಿನವೆಂದು ಆಚರಿಸುವ ಪದ್ಧತಿ ಬೆಳೆದು, ನೂರಾರು ಗಾಡಿಗಳು ನೀಲಿ ಹೊಗೆ ಬಿಡುತ್ತ ಸಾಲಾಗಿ ಹೊರಡತೊಡಗಿದವು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಯಾದವಗಿರಿಯಲ್ಲಿ ತಯಾರಾದ ಮೊದಲ ದಶಕದ ಜಾವಾಗಳು ಈಗ ಆ ವಯಸ್ಸು ದಾಟಿವೆ. ಹೊಗೆ ನಿಯಮಕ್ಕೆ ಸಿಕ್ಕಿ ನಿಂತ ಗಾಡಿಯ ಅಣ್ಣಂದಿರಿಗೆ ಅದೇ ಸರ್ಕಾರ ಹಿರಿಯರ ಮರ್ಯಾದೆ ಕೊಟ್ಟದ್ದು ತಮಾಷೆಯಾಗಿ ಕಾಣಬಹುದು.

ಯೆಜ್ಡಿಯ ಸಮಕಾಲೀನವಾಗಿದ್ದ ಬುಲೆಟ್ ಮಾತ್ರ ಉಳಿಯಿತು. ಭಾರತದ ಸೇನೆ ಬುಲೆಟ್ ಬೇಕೆಂದು ಕೇಳಿದ್ದರಿಂದ 1955ರಲ್ಲಿ ಮದರಾಸಿನಲ್ಲಿ ಅದರ ತಯಾರಿ ಮೊದಲಾಯಿತು. ಇಂಗ್ಲೆಂಡಿನ ಮೂಲ ಕಂಪನಿಯೇ 1970ರ ಹೊತ್ತಿಗೆ ಮುಚ್ಚಿಹೋದರೂ ಮದರಾಸಿನದು ನಡೆಯಿತು. ಅದಕ್ಕೂ ಸಾವಿನ ದವಡೆ ತಪ್ಪಿರಲಿಲ್ಲ. 2000ದ ಹೊತ್ತಿಗೆ ತಿಂಗಳಿಗೆ ಎರಡು ಸಾವಿರದಷ್ಟೇ ಮಾರಾಟ, ಮಾಲೀಕ ಸಂಸ್ಥೆ ಐಷರ್ ಅದನ್ನು ಮಾರುವ ಅಥವಾ ಮುಚ್ಚುವ ಯೋಚನೆಯಲ್ಲಿತ್ತು. ಸಿದ್ಧಾರ್ಥ ಲಾಲ್ ಎಂಬ ಇಪ್ಪತ್ತಾರರ ಯುವಕ ಸ್ವಲ್ಪ ಕಾಲಾವಕಾಶ ಕೇಳಿ ಪಡೆದರು. 2024-25ರಲ್ಲಿ ಬುಲೆಟ್ ತಯಾರಿಸುವ ರಾಯಲ್ ಎನ್‌ಫೀಲ್ಡ್ ಒಂದೇ ವರ್ಷಕ್ಕೆ ಹತ್ತು ಲಕ್ಷ ಗಾಡಿ ಮಾರಿತು. ಆದರೆ ಉಳಿದ ಬುಲೆಟ್ ಯಾವ ಬುಲೆಟ್? ಬಲಗಾಲಿನ ಗೇರು ಎಡಗಾಲಿಗೆ ಬಂತು. ಎರಕದ ಕಬ್ಬಿಣದ ಹಳೆಯ ಇಂಜಿನ್ ಹೋಯಿತು, ಅದರ ಜಾಗಕ್ಕೆ ಬಂದದ್ದೂ ಹೋಗಿ 2023ರಲ್ಲಿ ಇನ್ನೊಂದು ಬಂತು. ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆದ ಚಿನ್ನದ ಗೆರೆಯೊಂದೇ ತಲೆಮಾರು ದಾಟಿ ಬಂದಿದೆ. ಅಜ್ಜನ ಕೊಡಲಿಗೆ ಎರಡು ಸಲ ಕಾವು, ಮೂರು ಸಲ ತಲೆ ಬದಲಾಯಿಸಿ ಅಜ್ಜನ ಕೊಡಲಿಯೆಂದೇ ಹೇಳುವ ಹಾಗೆ.

ಹಾಗೆ ನೋಡಿದರೆ 'ನಿಂತ್ ಹೋಯ್ತಂಬ್ರ್' ಎಂಬ ಒಂದು ಮಾತಿನೊಳಗೆ ಬೇರೆ ಬೇರೆ ಸಂಗತಿಗಳು ಅಡಗಿವೆ. ತೀರ ಇತ್ತೀಚಿನದನ್ನು ನೋಡಲು ಬೆಂಗಳೂರಿನ ಗಡಿ ದಾಟಿ ಹೊಸೂರಿಗೆ ಹೋಗಬೇಕು. ತಮಿಳುನಾಡಿನ ಊರಾದರೂ ಕನ್ನಡ ಕಿವಿಗೆ ಬೀಳದ ಬೀದಿ ಅಲ್ಲಿಲ್ಲ. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಟದ್ದು ಇಲ್ಲಿಂದ. ಇದೇ ಟಿವಿಎಸ್ ಜರ್ಮನಿಯ ಬಿಎಂಡಬ್ಲ್ಯು ಜೊತೆ 2013ರಲ್ಲಿ ಕೈಜೋಡಿಸಿತು. ಆ ಕೂಡಾವಳಿಯ ಫಲವಾಗಿ ಹೊಸೂರಿನಲ್ಲಿ ತಯಾರಾದ ಜಿ 310 ಜಿಎಸ್ ಎಂಬ ತಿರುಗಾಟದ ಗಾಡಿ 2018ರ ಜುಲೈಯಲ್ಲಿ ಭಾರತದ ಪೇಟೆಗೆ ಬಂತು. ಶೋರೂಮಿನ ಬೆಲೆ ಮೂರೂವರೆ ಲಕ್ಷದ ಹತ್ತಿರ. 2020ರಲ್ಲಿ ಹೊಸ ಹೊಗೆ ನಿಯಮಕ್ಕೆ ಒಗ್ಗಿಸಿ, ಬೆಲೆ ಏರಿಸುವ ಬದಲು ಅರವತ್ತು ಸಾವಿರಕ್ಕೂ ಹೆಚ್ಚು ಇಳಿಸಿದರು. ದೊಡ್ಡ ಹೆಸರಿನ ಗಾಡಿ ಕೈಗೆಟುಕಿದ ಸಂತೋಷ ಕೊಂಡವರಿಗೆ.

2025ರ ಏಪ್ರಿಲ್ 1ರಿಂದ ಒಬಿಡಿ 2ಬಿ ಎಂಬ ನಿಯಮ ಜಾರಿಯಾಯಿತು. ಹೊಗೆ ಕಡಿಮೆ ಇದ್ದರೆ ಸಾಲದು, ಹೊಗೆ ಶುದ್ಧಿ ಮಾಡುವ ಭಾಗ ಸರಿಯಾಗಿ ಕೆಲಸ ಮಾಡುತ್ತಿದೆಯೆ, ಇಂಜಿನ್ ಉರಿಯುವುದರಲ್ಲಿ ತಪ್ಪುತ್ತಿದೆಯೆ ಎಂದು ಗಾಡಿಯೇ ತನ್ನನ್ನು ಕಾದುಕೊಂಡಿದ್ದು, ಎಡವಟ್ಟಾದರೆ ಮೀಟರಿನಲ್ಲಿ ದೀಪ ಹಚ್ಚಬೇಕು. ಅದಕ್ಕೆ ಸೆನ್ಸರ್ ಬೇಕು, ಸಾಫ್ಟ್‌ವೇರ್ ಬೇಕು, ಪ್ರತಿ ಮಾಡೆಲನ್ನೂ ಪರೀಕ್ಷೆಗೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಲಕ್ಷಗಟ್ಟಲೆ ಮಾರುವ ಗಾಡಿಗೆ ಈ ಖರ್ಚು ತಲೆಗೆ ಚಿಲ್ಲರೆ ಕಾಸು. ಕೆಲವೇ ನೂರು, ಸಾವಿರ ಮಾರುವುದಕ್ಕೆ ಭಾರ. ಜಿ 310 ಜಿಎಸ್ ಭಾರತದ ಪೇಟೆಯಿಂದ ಆ ಗೆರೆಯ ಹತ್ತಿರವೇ ಹೊರಟುಹೋಯಿತು. ವಿಚಿತ್ರವೆಂದರೆ ಅದೇ ಮೂಲದ ಇಂಜಿನ್ ಹೊತ್ತ ಟಿವಿಎಸ್ ಅಪಾಚೆ ಆರ್‌ಆರ್ 310 ಹೊಸ ನಿಯಮಕ್ಕೆ ತಯಾರಾಗಿ ಅಂಗಡಿಯಲ್ಲೇ ಉಳಿಯಿತು. ಒಂದೇ ಬಾವಿಯ ನೀರು, ಒಂದು ಕೊಡ ಮನೆಗೆ ಬಂತು, ಇನ್ನೊಂದು ಬರಲಿಲ್ಲ.

ಈ ಉದಾಹರಣೆ ಎತ್ತಿದ್ದಕ್ಕೆ ಕಾರಣವಿದೆ. ಮಾಡೆಲ್ ಉಳಿಯುತ್ತದೋ ಎಂದು ಕೇಳುವವರು ಸಾಮಾನ್ಯವಾಗಿ ಟ್ಯಾಂಕಿನ ಮೇಲಿನ ಹೆಸರು ನೋಡುತ್ತಾರೆ. ನೋಡಬೇಕಾದ್ದು ಟ್ಯಾಂಕಿನ ಕೆಳಗೆ. ಆ ಇಂಜಿನ್ ಇನ್ನು ಯಾವ ಯಾವ ಗಾಡಿಯಲ್ಲಿದೆ, ಆ ಗಾಡಿಗಳು ಎಷ್ಟು ಮಾರುತ್ತವೆ? ಇಂಜಿನ್ನಿಗೆ ಬಂಧು ಬಳಗ ದೊಡ್ಡದಿದ್ದರೆ, ಮಾಡೆಲ್ ಒಂದು ಹೋದರೂ ಪಿಸ್ಟನ್ನು, ಕ್ಲಚ್ ಪ್ಲೇಟು, ಆಯಿಲ್ ಫಿಲ್ಟರಿಗೆ ಬರಗಾಲ ಬರುವುದಿಲ್ಲ. ಒಂಟಿ ಇಂಜಿನ್ನಿನ ಒಂಟಿ ಗಾಡಿಯಾದರೆ ಕಷ್ಟ. ಕೇಳಲು ಚೆಂದ, ಸಾಕಲು ಕಷ್ಟ.

ಹೊಸೂರಿನ ಕಥೆಗೆ ಬಾಲವೂ ಇದೆ. ಜಿಎಸ್ ಹೋದ ವರ್ಷವೇ, 2025ರ ಅಕ್ಟೋಬರಿನಲ್ಲಿ, ಟಿವಿಎಸ್ ತನ್ನದೇ ಹೆಸರಿನಲ್ಲಿ ಅಪಾಚೆ ಆರ್‌ಟಿಎಕ್ಸ್ 300 ಎಂಬ ತಿರುಗಾಟದ ಗಾಡಿಯನ್ನು 1.99 ಲಕ್ಷದ ಆರಂಭದ ಬೆಲೆಗೆ ಇಳಿಸಿತು. ಇಂಜಿನ್ ಹೊಸದು, 299 ಸಿಸಿ. ಮರುತಿಂಗಳು ಮಿಲಾನ್ ನಗರದ ಪ್ರದರ್ಶನದಲ್ಲಿ ಬಿಎಂಡಬ್ಲ್ಯು ತನ್ನ 420 ಸಿಸಿಯ ಎಫ್ 450 ಜಿಎಸ್ ತೋರಿಸಿತು. ಒಂದು ಪಾತ್ರ ನಿರ್ಗಮಿಸಿ ಎರಡು ಪಾತ್ರಗಳ ಪ್ರವೇಶ.

299 ಮತ್ತು 420 ಎಂಬ ಈ ಅಂಕಿಗಳ ನಡುವೆ ಈಗ ದೊಡ್ಡದೊಂದು ಬೇಲಿ ಎದ್ದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿಯ ತನಕದ ಬೈಕುಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ ಶೇಕಡಾ 31 ಇದ್ದದ್ದು 40 ಆಯಿತು. ಒಂದು ಸಿಸಿ ಹೆಚ್ಚಾದರೂ ತೆರಿಗೆ ಎರಡು ಪಟ್ಟಿಗಿಂತ ಹೆಚ್ಚು. ದೂರದ ಸವಾರಿಗೆ ದೊಡ್ಡ ಇಂಜಿನ್ ಒಳ್ಳೆಯದು ಎಂದು ಇಂಜಿನಿಯರುಗಳು ಲೆಕ್ಕ ಹಾಕಿ 373, 399, 452 ಎಂದು ಇಟ್ಟುಕೊಂಡಿದ್ದ ಅಂಕಿಗಳೆಲ್ಲ ಒಂದೇ ದಿನದಲ್ಲಿ ಬೇಲಿಯ ಆಚೆ ಉಳಿದವು. ಐಷಾರಾಮಿ ಗಾಡಿಗೆ ಹೆಚ್ಚು ತೆರಿಗೆ ಹಾಕುವುದು ಅನ್ಯಾಯವೇನಲ್ಲ. ಆದರೆ ಎರಡೂವರೆ ಲಕ್ಷದ 400 ಸಿಸಿ ಬೈಕಿಗೆ ಶೇಕಡಾ 40, ಅದರ ನಾಲ್ಕು ಪಟ್ಟು ಬೆಲೆಯ ಸಣ್ಣ ಕಾರಿಗೆ ಶೇಕಡಾ 18 ಎಂಬುದನ್ನು ಸವಾರರಿಗೆ ಒಪ್ಪಿಸುವುದು ಕಷ್ಟ. ಮುಂದಿನ ವರ್ಷಗಳಲ್ಲಿ ಯಾವ ತಿರುಗಾಟದ ಮಾಡೆಲ್ ಉಳಿಯುತ್ತದೆ ಎಂಬ ಪ್ರಶ್ನೆಗೆ ಸವಾರರ ಅಭಿರುಚಿಗಿಂತ ಹೆಚ್ಚಾಗಿ ಈ ಬೇಲಿಯೇ ಉತ್ತರ ಕೊಡುವಂತೆ ಕಾಣುತ್ತದೆ.

ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ನಿನದು ಮತ್ತೊಂದು ಬಗೆ. 2016ರಲ್ಲಿ ಬಂದ 411 ಸಿಸಿಯ ಗಾಡಿಗೆ ಮೊದಮೊದಲು ದೂರುಗಳ ಸುರಿಮಳೆ. ಆಮೇಲೆ ಪೆಟ್ರೋಲ್ ಇಂಜೆಕ್ಷನ್ ಬಂತು, ದೋಷಗಳು ಕಡಿಮೆಯಾದವು, ಗಾಡಿ ಜನರ ಮನಸ್ಸು ಗೆದ್ದಿತು. ಎಲ್ಲ ಸರಿಯಾಯಿತು ಎನ್ನುವಾಗ 2023ರ ನವೆಂಬರಿನಲ್ಲಿ 452 ಸಿಸಿಯ, ನೀರಿನಿಂದ ತಂಪಾಗುವ ಹೊಸ ಇಂಜಿನ್ನಿನ ಹಿಮಾಲಯನ್ ಬಂತು, ಹಳೆಯದು ಹೋಯಿತು. ಹೊಸತು ವೇಗದಲ್ಲಿ, ಬಲದಲ್ಲಿ ಮುಂದು. ಆದರೂ ಹಳೆಯದರ ನಿಧಾನದ ತುಡಿತವೇ ಬೇಕೆನ್ನುವವರಿದ್ದಾರೆ. ಹೊಸ ಇಂಜಿನ್ನಿಗೆ ಮಾತ್ರ ಅದೇ ಮನೆಯಲ್ಲಿ ಒಬ್ಬ ತಮ್ಮ ಹುಟ್ಟಿದ, ಗೆರಿಲ್ಲಾ 450. ಬಳಗ ಬೆಳೆಯುತ್ತಿರುವ ಗುರುತು ಅದು. ಬೇಲಿಯ ಆಚೆ ಇದ್ದರೂ ಹಿಮಾಲಯನ್ ಸದ್ಯಕ್ಕೆ ಗಟ್ಟಿ ಕಾಲಿನ ಮೇಲಿದೆ ಎನ್ನಲು ಅಡ್ಡಿಯಿಲ್ಲ.

ಇನ್ನು, ನಿಂತದ್ದು ಹಾಗೆಯೇ ಎದ್ದು ಬಂದ ನಿದರ್ಶನ ಬೇಕಿದ್ದರೆ ಹಂಗಾರಕಟ್ಟೆಯಿಂದ ಸಾಸ್ತಾನದ ತನಕ ಹೋದರೆ ಸಾಕು, ರಸ್ತೆಯಲ್ಲಿ ಒಂದಾದರೂ ಎದುರಾಗುತ್ತದೆ. ಬಜಾಜ್ ಪಲ್ಸರ್ 220 ಎಫ್. ಎರಡು ಕಣ್ಣು ಒಂದರ ಮೇಲೊಂದು ಇಟ್ಟಂಥ ಹೆಡ್‌ಲೈಟು, ಮುಂದೆ ಗಾಳಿಗೆ ತಡೆ, ಬಾಗಿಯೂ ಬಾಗದ ಕೂರುವ ಭಂಗಿ. ಒಂದೂಕಾಲು ಲಕ್ಷದೊಳಗೆ ದೂರ ಹೋಗಬೇಕು ಎನ್ನುವ ಮಧ್ಯಮ ವರ್ಗದ ಹುಡುಗರಿಗೆ ಹತ್ತಾರು ವರ್ಷ ಇದೇ ತಿರುಗಾಟದ ಗಾಡಿ. 2007ರಲ್ಲಿ ಮೊದಲ 220 ಬಂತು, 2009ರಲ್ಲಿ ಕಾರ್ಬುರೇಟರಿನ ಎಫ್. 250 ಸಿಸಿಯ ಹೊಸ ಪಲ್ಸರ್‌ಗಳು ಬಂದ ಮೇಲೆ 2022ರಲ್ಲಿ ಸದ್ದಿಲ್ಲದೆ ನಿಂತಿತು. ಹೊಸದರ ಕಡೆ ಜನ ಹೋಗುತ್ತಾರೆ ಎಂದು ಕಂಪನಿಯ ಎಣಿಕೆ. ಜನ ಅಂಗಡಿಗೆ ಬಂದು ಹಳೆಯದನ್ನೇ ಕೇಳಿದರು. 2023ರ ಫೆಬ್ರವರಿಯಲ್ಲಿ 220 ಎಫ್ ಮತ್ತೆ ಬಂತು, ಅದೇ ಮುಖ, ಅದೇ ಕಣ್ಣು. ಇಲ್ಲಿ ಜನರ ಪ್ರೀತಿ ಗೆದ್ದಿತಲ್ಲ ಎನ್ನಬಹುದು. ಗೆದ್ದದ್ದು ಹೌದು, ಆದರೆ ಅದರ ಅಚ್ಚುಗಳ ಖರ್ಚು ಎಂದೋ ಹುಟ್ಟಿತ್ತು, ಬಿಡಿಭಾಗ ಮಾಡಿಕೊಡುವವರು ಸಿದ್ಧವಾಗಿಯೇ ಇದ್ದರು, ಇಂಜಿನ್ನನ್ನು ನಿಯಮಕ್ಕೆ ಒಗ್ಗಿಸುವುದು ದುಬಾರಿಯಾಗಿರಲಿಲ್ಲ. ಪ್ರೀತಿಗೆ ಲೆಕ್ಕವೂ ಸಾಥ್ ಕೊಟ್ಟಿತು. ಮೈಸೂರಿನ ರೋಡ್‌ಕಿಂಗಿಗೆ ಆ ಸಾಥ್ ಸಿಗಲಿಲ್ಲ.

ರೋಡ್‌ಕಿಂಗಿನ ಹೆಸರಾದರೂ ಬಂತಲ್ಲ ಎಂದು ಕೆಲವರಿಗೆ ಸಮಾಧಾನ. ಮಹೀಂದ್ರಾದ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ 2018ರ ನವೆಂಬರಿನಲ್ಲಿ ಜಾವಾವನ್ನು, 2022ರ ಜನವರಿ 13ರಂದು ಯೆಜ್ಡಿಯನ್ನು ಮತ್ತೆ ಪೇಟೆಗೆ ತಂದಿತು. ಮೂಲ ಮನೆತನದ ಬೊಮನ್ ಇರಾನಿ ಅದರ ಪಾಲುದಾರರಲ್ಲಿ ಒಬ್ಬರು. ಯೆಜ್ಡಿಯ ಹೆಸರಿನಲ್ಲಿ ಬಂದವುಗಳಲ್ಲಿ ಅಡ್ವೆಂಚರ್ ಎಂಬುದು ಅಪ್ಪಟ ತಿರುಗಾಟದ ಗಾಡಿ. 334 ಸಿಸಿ, ಫೋರ್ ಸ್ಟ್ರೋಕ್, ನೀರಿನ ತಂಪು. ತೆರಿಗೆಯ ಬೇಲಿಯ ಈಚೆಗೇ ಇದೆ. 2025ರ ಜೂನಿನಲ್ಲಿ ಅದಕ್ಕೆ ಹೊಸ ರೂಪವನ್ನೂ ಕೊಟ್ಟರು. ಆದರೆ ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ, ಯೆಜ್ಡಿ ಎಂಬ ಗುರುತು ಮುಚ್ಚಿದ ಐಡಿಯಲ್ ಜಾವಾಕ್ಕೇ ಸೇರಿದ್ದು ಎಂದಿತು. ಅದರ ವಿರುದ್ಧ ಮೇಲ್ಮನವಿ ವಿಭಾಗೀಯ ಪೀಠಕ್ಕೆ ಹೋಯಿತು. ಇಂಜಿನ್ ಹೋಗಿ ಕಾಲು ಶತಮಾನ ಕಳೆದ ಮೇಲೂ ಬರಿಯ ಹೆಸರಿಗಾಗಿ ಇಷ್ಟು ಜಗ್ಗಾಟ ನಡೆದದ್ದನ್ನು ನೋಡಿದರೆ, ಗೋದಾಮಿನ ಉಕ್ಕಿಗಿಂತ ಟ್ಯಾಂಕಿನ ಮೇಲಿನ ಇಂಗ್ಲಿಷಿನ ಐದಕ್ಷರದ ಬೆಲೆ ಹೆಚ್ಚೆಂದು ವ್ಯಾಪಾರಿಗಳಿಗೆ ಗೊತ್ತಿದೆ. ಅತ್ತ ಮೈಸೂರಿನಲ್ಲಿ ದ್ವಿಚಕ್ರದ ಕಸುಬು ಮುಗಿದಿಲ್ಲ, ನಂಜನಗೂಡಿನ ದಾರಿಯಲ್ಲಿ ಕಡಕೊಳದ ಬಳಿ ಟಿವಿಎಸ್ ಕಾರ್ಖಾನೆ ದುಡಿಯುತ್ತಿದೆ.

ಇಷ್ಟೆಲ್ಲ ದೊಡ್ಡ ಲೆಕ್ಕಗಳು ಹಂಗಾರಕಟ್ಟೆಗೆ ಬಂದು ಮುಟ್ಟುವ ಹೊತ್ತಿಗೆ ತೀರ ಸಣ್ಣದಾಗುತ್ತವೆ, ಒಂದು ಕ್ಲಚ್ ಕೇಬಲಿನಷ್ಟು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿಲಿಮೀಟರಿಗೂ ಮೀರಿ ಮಳೆ. ಉಳಿದ ತಿಂಗಳು ಉಪ್ಪಿನ ಗಾಳಿ. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಸೈಲೆನ್ಸರ್ ಇಲ್ಲಿ ನಾಲ್ಕು ಮಳೆಗಾಲಕ್ಕೆ ತೂತು. ಚೈನು, ಬ್ರೇಕಿನ ಪಿನ್ನು, ವೈರಿಂಗಿನ ಜೋಡಣೆಗಳು ಹಸಿರು ಹಿಡಿಯುತ್ತವೆ. ಆದ್ದರಿಂದ ಇಲ್ಲಿನವರಿಗೆ ಬೇರೆಯವರಿಗಿಂತ ಹೆಚ್ಚು ಸಾಮಾನು ಬೇಕು, ಬೇಗ ಬೇಕು. ಮಾಡೆಲ್ ನಿಂತ ಮೇಲೆ ಮೊದಲು ಕಾಣೆಯಾಗುವುದು ಪಿಸ್ಟನ್ ಅಲ್ಲ. ಹೆಡ್‌ಲೈಟಿನ ಗಾಜು, ಮೀಟರ್, ಬದಿಯ ಪ್ಲಾಸ್ಟಿಕ್ ತುಂಡು, ಟ್ಯಾಂಕಿನ ಮುಚ್ಚಳ, ಅಂದರೆ ಆ ಗಾಡಿಗೆ ಮಾತ್ರ ಕೂರುವ, ಬೇರೆ ಯಾವುದಕ್ಕೂ ಹೊಂದದ ಸಾಮಾನುಗಳು. ಸಣ್ಣ ಪೇಟೆಯ ಗ್ಯಾರೇಜಿನವರ ಸಲಹೆ ಹೀಗಾಗಿ ಜಾಹೀರಾತಿಗಿಂತ ಬೇರೆಯೇ ಇರುತ್ತದೆ: "ಚೆಂದ ಎಷ್ಟಾರೂ ಇರ್ಲಿ, ಬಿದ್ರೆ ಮೀಟ್ರ್ ಸಿಕ್ಕತ್ತಾ ಕೇಣಿ."

ನಿಂತುಹೋದ ಮಾಡೆಲನ್ನು ಕೊಳ್ಳುವುದು ದಡ್ಡತನವೂ ಅಲ್ಲ. ಕೊನೆಯ ದಾಸ್ತಾನಿಗೆ ಅಂಗಡಿಯವರು ಬೆಲೆ ಇಳಿಸುತ್ತಾರೆ, ವರ್ಷಗಳ ರಿಪೇರಿಯಿಂದ ಮೇಸ್ತ್ರಿಗಳಿಗೆ ಅದರ ರೋಗಗಳೆಲ್ಲ ಬಾಯಿಪಾಠವಾಗಿರುತ್ತವೆ. ಹೊಸ ಮಾಡೆಲಿನ ಮೊದಲ ವರ್ಷದ ಗಾಡಿ ಕೊಂಡು ಕಂಪನಿಯ ಪರವಾಗಿ ತಾವೇ ಪರೀಕ್ಷೆ ಮಾಡಿಕೊಡುವುದಕ್ಕಿಂತ, ಕೊನೆಯ ವರ್ಷದ ಮಾಗಿದ ಗಾಡಿ ಕೊಳ್ಳುವುದು ಎಷ್ಟೋ ಸಲ ಲೇಸು. ಶರತ್ತು ಒಂದೇ: ಮರುಮಾರಾಟದ ಬೆಲೆಯ ಆಸೆ ಬಿಟ್ಟು, ಬಹಳ ಕಾಲ ಇಟ್ಟುಕೊಳ್ಳುವ ಮನಸ್ಸಿರಬೇಕು. ಎರಡು ವರ್ಷಕ್ಕೊಮ್ಮೆ ಗಾಡಿ ಬದಲಿಸುವವರಿಗೆ ಇದಲ್ಲ.

ಬಾರ್ಜಿನ ಹತ್ತಿರದ ಪಟ್ಟಾಂಗ ಇಲ್ಲಿಗೆ ಬರುವಷ್ಟರಲ್ಲಿ ಆಚೆ ದಡದಿಂದ ಬಾರ್ಜ್ ಹೊರಟಿರುತ್ತದೆ. ಮಳೆಗಾಲದ ನೀರು, ರಿಪೇರಿ ಎಂದು ಅದೂ ನಿಲ್ಲುವುದುಂಟು, ಮತ್ತೆ ಹೊರಡುವುದುಂಟು. ಅದರ ಪಕ್ಕದಲ್ಲೇ ನಾಡದೋಣಿಯೊಂದು ಸೀಮೆಎಣ್ಣೆಯ ಔಟ್‌ಬೋರ್ಡ್ ಇಂಜಿನ್ ಕಟ್ಟಿಕೊಂಡು ಅಳಿವೆಯ ಬಾಯಿಯತ್ತ ಹೋಗುತ್ತದೆ. ಯಮಹಾ, ಸುಝುಕಿ ಕಂಪನಿಗಳ ಅಂಥ ಇಂಜಿನ್ನುಗಳು ಇಂದಿಗೂ ಟೂ ಸ್ಟ್ರೋಕ್. ರಸ್ತೆಯ ಮೇಲೆ ಎಂದೋ ನಿಂತುಹೋದ ಆ ಟರ್ ಟರ್ ಸದ್ದು, ಎಣ್ಣೆ ಬೆರೆತ ಆ ಹೊಗೆಯ ವಾಸನೆ ನೀರಿನ ಮೇಲೆ ಇನ್ನೂ ಉಳಿದಿದೆ. ಸೀಮೆಎಣ್ಣೆ ಬಿಟ್ಟು ಬೇರೆ ಇಂಧನಕ್ಕೆ ಹೋಗಿ ಎಂದು ಸರ್ಕಾರ ದೋಣಿಯವರಿಗೂ ಹೇಳತೊಡಗಿದೆ. ಬಾರ್ಜ್ ತಾಗಿತು, ಹಗ್ಗ ಬಿತ್ತು. ದೊಡ್ಡ ಗಾಡಿಯವರು ಪೆಟ್ಟಿಗೆಗಳಿಗೆ ಇಕ್ಕೆಲದಲ್ಲೂ ಜಾಗ ಬಿಡಿಸಿಕೊಂಡು ನಿಧಾನಕ್ಕೆ ಹಲಗೆ ಹತ್ತಿಸಿದರು. ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಹೋಯ್, ಇದ್ರ ಚೈನ್ ಬೇರೆ ಯಾವ್ದ್ರದ್ದಾರೂ ಕೂಕಂತಾ?"